ಕಿತ್ತಳೆ ಬಣ್ಣದ ತಾಟು

ಗೋದು,

ಇವತ್ತು ಬೆಳಗಾವಿಯಿಂದ ಹಳೆ ಪಿಂಗಾಣಿ ಕೊಳ್ಳುವವನೊಬ್ಬ ನಮ್ಮ ದಾಂಡೇಲಿ ಮನೆಗೆ ಬಂದಿದ್ದ. ಮಿಲ್ಲಿನ ವಿದೇಶಿ ಇಂಜಿನಿಯರ್ ಊರು ಬಿಡುವಾಗ ಅಪ್ಪನಿಗೆ ಕೊಟ್ಟ ಆರು ತಾಟುಗಳನ್ನು ಮುಂದಿಟ್ಟೆ. ಒಂದೊಂದಕ್ಕೂ ಒಂದೊಂದು ಬಣ್ಣ. ಅವರು ಮಾಂಸ ಉಂಡ ತಾಟುಗಳೆಂದು ನಾವ್ಯಾರೂ ಅವುಗಳಲ್ಲಿ ಉಂಡವರಲ್ಲ.

ಅವನು ಕಿತ್ತಳೆ ಬಣ್ಣದ್ದನ್ನು ಬೆಳಕಿಗೆ ಹಿಡಿದ. "ಎಪ್ಪತ್ತು ವರ್ಷದ ಹಿಂದಿನ ಮಾಲು ರೀ ಅಕ್ಕಾರ. ಈ ಬಣ್ಣ ಈಗ ಸಿಗೂದಿಲ್ಲ. ಆದರ ಇದೊಂದಕ್ಕ ಯಾಕ ಇಷ್ಟು ಗೀರು ಬಿದ್ದಾವ?"

ನಾನು ತಾಟನ್ನು ಅವನ ಕೈಯಿಂದ ತೆಗೆದುಕೊಂಡೆ. ಶಾಲೆ ಬಿಟ್ಟು ನನ್ನ ಜೊತೆ ಬಂದು ಉಂಡ ಮೇಲೆ ನೀನೇ ಅದನ್ನು ಬೂದಿ ಹಚ್ಚಿ ತಿಕ್ಕಿ ತೊಳೆದಿಡಬೇಕಿತ್ತು. ಅಷ್ಟರಲ್ಲಿ ಅವ್ವ ಒಳಗಿಂದಲೇ ಕೂಗಿದಳು, "ಅದು ಗೋದೂನ ತಾಟು. ಬ್ಯಾರೆ ಇಡ್ತಿದ್ವಿ."

"ಭಾಳ ಬೇಕಾದವರೇನ್ರಿ?" ಎಂದ ಅವನು. ಹೌದೆಂದೆ.

ನೀನೂ ಹಾಗೇ ತಿಳಿದಿದ್ದೆ. ಅವರಿಗೆಲ್ಲ ಸ್ಟೀಲು, ನನಗೊಬ್ಬಳಿಗೇ ಬಣ್ಣದ ತಾಟು ಎಂದು ನೀನು ಶಾಲೆಯಲ್ಲೆಲ್ಲ ಹೇಳಿಕೊಂಡೆ. ನಿಮ್ಮ ಕೇರಿಯವರಿಗೆ ಬೇರೆ ತಾಟು ಯಾಕೆಂದು ಯಾರೋ ನಗುತ್ತ ತಿಳಿಸಿದರು. ನಾನು ಪಕ್ಕದಲ್ಲೇ ಇದ್ದೆ.

ಮರುದಿನ ನೀನು ನಮ್ಮ ಹಿತ್ತಲಲ್ಲಿ ನಿಂತು, "ಉಂಡು ಬಂದೇನಿ" ಎಂದೆ. ನಿನ್ನ ಹೊಟ್ಟೆ ಗುರುಗುಟ್ಟಿದ್ದು ನನಗೆ ಕೇಳಿಸಿತ್ತು.

ನಾನು ಇನ್ನೊಮ್ಮೆ ಕರೆಯಲಿಲ್ಲ.

ಸುನಂದಾ