ಬಾಯಲ್ಲಿದ್ದ ಗುಂಡುಸೂಜಿ

ಲೋ ಮಹಾರಾಯ,

ನೀನು ಹೋಗಿ ಮೂರು ವರ್ಷವಾದ ಮೇಲೆ ಇವತ್ತು ನಿನ್ನ ಹೆಂಡತಿ ಸಿಕ್ಕಿದ್ದಳು. ಎಚ್‌ಐವಿ ಮಾತ್ರೆ ಕೊಡೋ ಆಸ್ಪತ್ರೆಯ ಬೆಂಚಿನ ಮೇಲೆ, ನನ್ನ ಥರವೇ ಚೀಟಿ ಹಿಡಿದು ಕೂತಿದ್ದಳು. ನಾನು ಕಂಬದ ಹಿಂದೆ ಸರಿಯೋಷ್ಟರಲ್ಲಿ, "ಟೈಲರಣ್ಣಾ, ಬನ್ನಿ. ನಿಮ್ಮಿಬ್ಬರ ಪ್ರೀತಿ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ" ಅಂತ ಚೀಲ ಸರಿಸಿ ಜಾಗ ಮಾಡಿಕೊಟ್ಟಳು.

ಚೆನ್ನಾಗಿದ್ದಾಳೆ ಕಣೋ. ನಾನೂ ಗುಂಡುಕಲ್ಲಿನ ಹಾಗಿದ್ದೀನಿ. ಮಾತ್ರೆ ತಪ್ಪಿಸದೆ ನುಂಗೋದರಿಂದ ಇಬ್ಬರ ರಕ್ತಪರೀಕ್ಷೆಯಲ್ಲೂ ವೈರಸ್ ಈಗ ಕಾಣಿಸೋದೇ ಇಲ್ಲವಂತೆ.

"ನಿಮಗೂ ಅವರೇ ಅಂಟಿಸಿ ಹೋದ್ರಾ? ಯಾರಾದ್ರೂ ಮೊದಲೇ ಒಂದು ಮಾತು ಹೇಳಿದ್ರೆ ಅವರೂ ಉಳೀತಿದ್ರು" ಅಂದಳು. ನಾನು ಸುಮ್ಮನೆ ಹೂಂಗುಟ್ಟಿಬಿಟ್ಟೆ.

ನನ್ನ ರಿಪೋರ್ಟ್ ನಿನ್ನದಕ್ಕಿಂತ ಎಂಟು ತಿಂಗಳು ಮೊದಲೇ ಬಂದಿತ್ತು. ನೀನು ಬಿಟ್ಟು ಹೋಗ್ತೀಯ ಅನ್ನೋ ಭಯಕ್ಕೆ ಬಟ್ಟೆ ಕಪಾಟಿನಲ್ಲಿ ಬಚ್ಚಿಟ್ಟೆ. ಆ ಎಂಟು ತಿಂಗಳಲ್ಲಿ ನಿನ್ನ ಪ್ಯಾಂಟಿನ ಸೊಂಟವನ್ನ ಮೂರು ಸಲ ಬಿಗಿ ಮಾಡಿಕೊಟ್ಟೆ. "ಸಣ್ಣಗಾಗಿದೀನಲ್ಲೋ!" ಅಂತ ನೀನು ಕನ್ನಡಿ ಮುಂದೆ ನಕ್ಕೆ. ನನ್ನ ಬಾಯಲ್ಲಿ ಗುಂಡುಸೂಜಿ ಇತ್ತು.

ಮುಂದಿನ ತಿಂಗಳು ನನಗೂ ಜಾಗ ಹಿಡಿದಿರ್ತಾಳಂತೆ. ಕೂರೋಕೆ ಮೊದಲು ಇದಿಷ್ಟನ್ನೂ ಹೇಳ್ತೀನಿ. ಆಮೇಲೂ ಅವಳು ಚೀಲ ಸರಿಸಿದರೆ ಕೂರ್ತೀನಿ. ಇಲ್ಲದಿದ್ದರೆ ನಿಂತುಕೊಂಡೇ ಮಾತ್ರೆ ತಗೊಂಡು ಬರ್ತೀನಿ.