ಐವತ್ತು ಬುಕಿಂಗಿಗೆ ಒಬ್ಬ ಅಪ್ಪ

೩ ಮಾರ್ಚ್, ಸೋಮವಾರ

ಗೊಂಬೆ ತಿದ್ದುವ ಎಪಾಕ್ಸಿ ಪುಟ್ಟಿ ಮತ್ತೆ ಕೈಯಲ್ಲೇ ಗಟ್ಟಿ. ಮಾರ್ಚಿಗೇ ರಾಯಚೂರು ಹೀಗಾದರೆ ಮೇ ತಿಂಗಳಲ್ಲಿ ಸೈನಿಕರು ಅಚ್ಚಿಲ್ಲದೆ ತಾವೇ ಬೆಂದು ಹೊರಗೆ ಬಂದಾರು. ಸ್ನೈಪರನ ಎಡಗೈ ಮೂರನೇ ಸಲ ಮಾಡಿದೆ. ಬಣ್ಣದ ಕೆಲಸದ ಗುಲ್ನಾಜ್ ರೋಜಾ ಉಪವಾಸ ಇದ್ದರೂ ಬಂದಿದ್ದಳು, ಕಮಾಂಡೋಗಳಿಗೆ ಹಸಿರು ಬಳಿಯುತ್ತ ಕೂತಿದ್ದಳು. ಬೆರಳುದ್ದದ ಗಂಡಸರು ಸಾಲಾಗಿ ಒಣಗುತ್ತಿದ್ದರು.

ಅಪ್ಪನ ಗೊಂಬೆ ಮುಗೀತು. ಆರ್ಡರಿನ ಕೆಲಸದಿಂದ ಉಳಿದ ಹೊತ್ತಲ್ಲಿ ಕದ್ದು ಮಾಡಿದ್ದು. ಮಂಡಿಯೂರಿ ಕೂತಿದ್ದಾನೆ. ಮುಂದೆ ಸೀಮೆಎಣ್ಣೆ ಸ್ಟೋವ್. ಒಂದು ಅಂಗೈ ಮೇಲೆ ರೊಟ್ಟಿ, ಇನ್ನೊಂದು ಅದನ್ನು ತಟ್ಟುತ್ತಿದೆ. ಕಿವಿ ಮುಚ್ಚುವ ಟೋಪಿ. ಮುಖದ ತುಂಬ ನಗು. ಹಿಮದ ಪೋಸ್ಟಿನಲ್ಲಿ ಪಲ್ಟನ್ನಿಗೆ ಅಡುಗೆ ಮಾಡಿದ ಲಾಂಗ್ರಿ, ನಮ್ಮಪ್ಪ ಅಮೋಘಸಿದ್ದ. ದೇವದುರ್ಗದ ನಮ್ಮ ಓಣಿಯಲ್ಲಿ ಕುರಿ ಬಿಟ್ಟು ಮಿಲಿಟರಿಗೆ ಹೋದ ಮೊದಲ ಮನುಷ್ಯ.

ಇವರಿಗೆ ತೋರಿಸಿದೆ. ಎತ್ತಿ ತಿರುಗಿಸಿ ನೋಡಿದರು.

"ಕೆಲಸ ಮಸ್ತ್ ಆಗೇದ," ಅಂದರು. ಆಮೇಲೆ, "ಆದ್ರ ಯಾರು ಬುಕ್ ಮಾಡ್ತಾರ, ದೇವಿಕಾ?"

ನಮ್ಮನೇಲಿ ದೇವರಿಗಿಂತ ದೊಡ್ಡದು ಈ ಬುಕಿಂಗ್. ನಾನು ಮೂರ್ತಿ ಮಾಡಬೇಕು. ಪ್ರಭುರಾಜ ಸಾಹೇಬರು, ಅಂದರೆ ನನ್ನ ಗಂಡ, ಅದರ ಫೋಟೋ ನಮ್ಮ ವೆಬ್‌ಸೈಟಿಗೆ ಹಾಕಬೇಕು. ಹದಿನೈದು ದಿನ ಕಾಯಬೇಕು. ಐವತ್ತು ಜನ ಮುಂಗಡ ಕೊಟ್ಟರೆ ಅಚ್ಚು ತೆಗೆಯುತ್ತೇವೆ. ಒಬ್ಬ ಕಮ್ಮಿಯಾದರೂ ಮುಂಗಡ ವಾಪಸ್, ಗೊಂಬೆ ತಗಡಿನ ಡಬ್ಬಿಗೆ. ಡಬ್ಬಿಯಲ್ಲಿ ಈಗಾಗಲೇ ಸ್ಟ್ರೆಚರ್ ಹೊತ್ತವನಿದ್ದಾನೆ, ಹೇಸರಗತ್ತೆ ನಡೆಸುವವನಿದ್ದಾನೆ, ಟಪಾಲು ಹಂಚುವವನಿದ್ದಾನೆ. ಗುಂಡು ಹಾರಿಸದವರ ಪಲ್ಟನ್ನೇ ಅದರೊಳಗೆ ಮಲಗಿದೆ.

"ಹಾಕ್ರಿ," ಅಂದೆ. "ನೋಡೇ ಬಿಡೋಣು."

೧೧ ಮಾರ್ಚ್

ಏಳು. ಬರೀ ಏಳು. ಸ್ನೈಪರ್ ಎರಡೇ ದಿನಕ್ಕೆ ನೂರು ದಾಟಿದ್ದ.

ಕಮೆಂಟ್ ಓದಬಾರದು ಅಂತ ಗೊತ್ತು. ಓದಿದೆ. ಪುಣೆಯ ಒಬ್ಬ, ನಮ್ಮ ಹಳೇ ಗಿರಾಕಿ — ಡೀಟೇಲ್ ಸೂಪರ್, ಆದರೆ ವೆಪನ್ ಎಲ್ಲಿ? ಇನ್ನೊಬ್ಬ — ಅಡುಗೆ ಮಾಡುವುದನ್ನು ನೋಡಲಿಕ್ಕೆ ಮನೆಯಲ್ಲಿ ಹೆಂಡತಿ ಇದ್ದಾಳೆ. ಅದಕ್ಕೆ ಮೂವತ್ತು ಜನ ನಕ್ಕಿದ್ದಾರೆ. ಉಪವಾಸ ಇದ್ದೇ ಯುದ್ಧ ಗೆದ್ದವರ ವಂಶ ಇರಬೇಕು.

೧೮ ಮಾರ್ಚ್

ಗಡುವು ಮುಗೀತು. ಹನ್ನೊಂದು.

ಇವರು ಡಬ್ಬಿಯ ಮುಚ್ಚಳ ತೆಗೆದರು. ನಾನು ಕೈ ಹಿಡಿದೆ. ಹತ್ತು ವರ್ಷದ ಸಂಸಾರದಲ್ಲಿ ಹಾಗೆ ಕೈ ಹಿಡಿದದ್ದು ಇದೇ ಮೊದಲು.

"ಅದು ನಮ್ಮಪ್ಪರೀ."

"ನನಗ ಗೊತ್ತಿಲ್ಲೇನು? ಅದಕ್ಕ ಒಂದು ದಾರಿ ಹುಡುಕೀನಿ, ನೋಡು."

ಲ್ಯಾಪ್‌ಟಾಪ್ ತಿರುಗಿಸಿದರು. ಅದೇ ಅಪ್ಪ, ಅದೇ ಮಂಡಿ. ಸ್ಟೋವ್ ಮಾಯ. ಕೈಯಲ್ಲಿ ರೈಫಲ್. ಕಂಪ್ಯೂಟರಿನಲ್ಲಿ ಕೂಡಿಸಿದ ಚಿತ್ರ. ಆಗಲೇ ಮಾಡಿ ಇಟ್ಟಿದ್ದಾರೆ!

"ಇನ್ನೊಂದು ರೌಂಡ್. ಎರಡೂ ಫೋಟೋ ಹಾಕೋಣು. ಎ ರೊಟ್ಟಿ, ಬಿ ಬಂದೂಕು. ಯಾವುದಕ್ಕ ಮೊದ್ಲ ಐವತ್ತು ಬರ್ತಾವೋ ಅದು."

"ಬಿ ಬಂದ್ರ?"

"ಈ ಕೈ ತಗದು ಬ್ಯಾರೆ ಕೈ ಹಚ್ಚು. ಇರೋದ ಒಂದ ಗೊಂಬಿ."

ಒಪ್ಪದಿದ್ದರೆ ಡಬ್ಬಿ. ಒಪ್ಪಿದರೆ ಜೂಜು. ಅತ್ತ ದರಿ, ಇತ್ತ ಪುಲಿ. ಒಪ್ಪಿದೆ. ಇವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

೨೩ ಮಾರ್ಚ್, ಭಾನುವಾರ. ಮಾನ್ವಿ

ಮಿಲಿಟರಿ ಬಿಟ್ಟ ಮೇಲೆ ಇಲ್ಲಿ ಹಾಕಿದ ಅಪ್ಪನ ಖಾನಾವಳಿಯಲ್ಲಿ ಮಧ್ಯಾಹ್ನದ ಗದ್ದಲ. ಅವ್ವ ಅನ್ನ ಬೇಯುವ ಗುಂಡಿ ಪಾತ್ರೆಯ ಮುಂದೆ, ಅಪ್ಪ ಬಡಿಸುತ್ತ. ಲಾರಿಯವನೊಬ್ಬ ತುತ್ತು ಬಾಯಲ್ಲಿಟ್ಟುಕೊಂಡೇ ಕೇಳಿದ, "ಮಿಲ್ಟ್ರಿಯಾಗ ಎಷ್ಟು ಮಂದೀನ ಹೊಡದೀ, ಅಮೋಘಸಿದ್ದಣ್ಣ?"

"ರೊಟ್ಟಿ ಹೊಡದೀನಿ ತಮ್ಮಾ, ಲಕ್ಷಗಟ್ಲೆ!"

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರು. ಹುಟ್ಟಿದಾಗಿನಿಂದ ಕೇಳಿದ ಪ್ರಶ್ನೆ, ಅದೇ ಉತ್ತರ. ಇದಕ್ಕಿಂತ ಧೈರ್ಯದ ಮಾತು ಜಗತ್ತಿನಲ್ಲಿಲ್ಲ ಅಂದುಕೊಂಡೇ ಬೆಳೆದವಳು ನಾನು.

ಗದ್ದಲ ಇಳಿದ ಮೇಲೆ ಫೋನಿನಲ್ಲಿ ಎರಡೂ ಫೋಟೋ ತೋರಿಸಿದೆ. ಚಾಳೀಸು ಹಾಕಿಕೊಂಡ. ಬಹಳ ಹೊತ್ತು ನೋಡಿದ.

"ಇದು ನಾನೇನವಾ?"

"ನೀನ ಯಪ್ಪಾ."

ಬುಕಿಂಗಿನ ಕತೆ ಹೇಳಿದೆ. ಐವತ್ತು ಅಂದಾಗ ತೊಡೆ ತಟ್ಟಿದ.

"ಇಷ್ಟ ಏನು? ದೇವದುರ್ಗದ ಕಡೀಗೆ ನಾ ಅಡಗಿ ಮಾಡದ ಮದವಿ ಯಾವುದದ ಹೇಳು? ಒಬ್ಬರ ಹಂತ್ಯಾಕರ ಕೂಲಿ ಇಸಕೊಂಡೀನೇನು? ಎಲ್ಲಾರ್ದೂ ನನಗ ಮುಯ್ಯಿ ಬಾಕಿ ಅದ. ಈಗ ತಿರುಗಿಸಲಿ."

ಅವ್ವ ಗುಂಡಿಯಿಂದ ತಲೆ ಎತ್ತಿದಳು. "ಮುಯ್ಯಿಗೆ ಯಾರರ ಗೊಂಬಿ ಕೇಳ್ತಾರೇನು? ಸೀರಿ ಕೇಳ್ತಾರ, ಪಾತ್ರಿ ಕೇಳ್ತಾರ."

"ನಾ ಕೇಳ್ತೀನಿ ತಗಿ, ಆದೆಮ್ಮ," ಅಂದ ಅವ್ವನಿಗೆ.

ಲಿಂಕ್ ಅವನ ಫೋನಿಗೆ ಕಳಿಸಿದೆ. ಎರಡೆರಡು ಸಲ ಹೇಳಿಕೊಟ್ಟೆ.

"ಎ ಅಂದ್ರ ರೊಟ್ಟಿ, ಬಿ ಅಂದ್ರ ಬಂದೂಕು. ನಾ ಏನು ಸಣ್ಣ ಹುಡುಗೇನು? ತಿಳೀತು ಬಿಡು," ಅಂದ.

ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಸಾಹೇಬರ ಮಾರ್ಕೆಟ್ಟಿಗೆ ನಮ್ಮಪ್ಪನ ಮುಯ್ಯಿ ಉತ್ತರ ಕೊಡುತ್ತದೆ.

೨೮ ಮಾರ್ಚ್

ಬರುತ್ತಿವೆ! ದೇವದುರ್ಗ, ದೇವದುರ್ಗ, ದೇವದುರ್ಗ, ನಡುವೆ ಒಂದು ಚಂಡೀಗಡ, ಮತ್ತೆ ದೇವದುರ್ಗ. ಗುಲ್ನಾಜ್ ಕುಂಚ ಕೆಳಗಿಟ್ಟು ಹೆಸರು ಓದುತ್ತಾಳೆ. ಯಮನೂರಪ್ಪ — ಅವರ ಮೂರೂ ಹೆಣ್ಣುಮಕ್ಕಳ ಮದುವೆ ಅಡುಗೆ ಅಪ್ಪನದೇ. ಕಿರಾಣಿ ಅಂಗಡಿ ಈರಯ್ಯನೋರು. ಹೆಸರು ಕೇಳದವರೂ ಇದ್ದಾರೆ, ಉಂಡವರೇ ಇರಬೇಕು.

ನನ್ನ ಫೋನಿಗೆ ಹೆಸರು, ಊರು ಇಷ್ಟೇ ಬರುತ್ತದೆ. ಎ-ಬಿ ಲೆಕ್ಕವೆಲ್ಲ ಇವರ ಲ್ಯಾಪ್‌ಟಾಪಿನಲ್ಲಿ, ಅದರ ಪಾಸ್‌ವರ್ಡ್ ಇವರೊಬ್ಬರಿಗೇ ಗೊತ್ತು. ಇವರು ಅಚ್ಚಿಗೆ ಹೊಯ್ಯುವ ರೆಸಿನ್ ತರಲು ಹೈದರಾಬಾದಿಗೆ ಹೋಗಿದ್ದಾರೆ. ಫೋನ್ ಮಾಡಿ ಹಂಗಿಸಿದೆ — "ಏನ್ರೀ ಸಾಹೇಬ್ರ, ಯಾರು ಬುಕ್ ಮಾಡ್ತಾರ ಅಂದಿದ್ರಲ್ಲ?"

ಅವರೂ ನಕ್ಕರು. ಖುಷಿಗೆ ಹೋಳಿಗೆ ಮಾಡಿದೆ. ಒಬ್ಬಳಿಗೇ.

೩೧ ಮಾರ್ಚ್

ಗುಲ್ನಾಜ್ ಇಲ್ಲ, ಇವತ್ತು ರಂಜಾನ್ ಹಬ್ಬ. ಅವರ ಮನೆಯಿಂದ ಬಂದ ಶೀರ್‌ಖುರ್ಮಾ ಆರಿ ಕೆನೆ ಕಟ್ಟಿದೆ. ಯಾರೂ ಮುಟ್ಟಿಲ್ಲ.

ಇವರು ಬಂದವರೇ ಲ್ಯಾಪ್‌ಟಾಪ್ ತೆರೆದರು. ನನ್ನ ಮುಖ ನೋಡಲಿಲ್ಲ. ಸುಮ್ಮನೆ ನನ್ನ ಕಡೆ ತಿರುಗಿಸಿದರು.

ಬಿ, ಐವತ್ತಾರು. ಎ, ಒಂಬತ್ತು. ಒಂಬತ್ತರಲ್ಲಿ ದೇವದುರ್ಗದ್ದು ಒಂದೂ ಇಲ್ಲ.

ಉಂಡ ಮನೆಯ ಜಂತಿ ಎಣಿಸುವ ಜಾತಿ. ಅವನ ಕೈಯ ಹುಗ್ಗಿ ಬಾಯಿ ಚಪ್ಪರಿಸಿ ತಿಂದು, ಅವನ ಮುಂದೆ ಹೂಂ ಅಂದು, ಮರೆಯಲ್ಲಿ ಬಂದೂಕು ಒತ್ತಿದ್ದಾರೆ. ಅಪ್ಪನಿಗೆ ಹೇಗೆ ಹೇಳಲಿ? ಓಣಿ ಓಣಿ ತಿರುಗಿ ಕೇಳಿದ್ದಾನೆ, ಪಾಪ.

೧ ಏಪ್ರಿಲ್

ಮೊದಲನೇ ಬಸ್ಸಿಗೆ ಮಾನ್ವಿಗೆ ಹೋಗಿ ಬಂದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಅಪ್ಪ ಹಿಟ್ಟು ನಾದುತ್ತಿದ್ದ. ನಿಂತಲ್ಲೇ ಹೇಳಿದೆ, "ಯಪ್ಪಾ, ದೇವದುರ್ಗದವರು ನಿನಗ ಮೋಸ ಮಾಡ್ಯಾರ. ಎಲ್ಲಾರೂ ಬಿ ಒತ್ಯಾರ."

ತಲೆ ಎತ್ತಲಿಲ್ಲ. "ಅವರದೇನೂ ತಪ್ಪಿಲ್ಲ. ಬಿ ಒತ್ರಿ ಅಂತ ನಾನ ಹೇಳಿದ್ದು."

ಅರ್ಥ ಆಗಲಿಲ್ಲ. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದ.

"ಮೊದಲ ಸಲ ರಜಾಕ ಬಂದಾಗ ಓಣಿಗೆ ಓಣೀನ ಬಸ್‌ಸ್ಟ್ಯಾಂಡಿಗೆ ಬಂದಿತ್ತು. ಹಾರ ಹಾಕಿದ್ರು. ಮರುದಿನ ಗೊತ್ತಾತು, ನಾ ಅಡಗಿಯವ ಅಂತ. ಅವತ್ತಿಂದ ನನ್ನ ಹೆಸರು ಸೌಟು ಸುಬೇದಾರ. ಮದವಿ ಮೆರವಣಿಗ್ಯಾಗೂ ಹಂಗ ಕೂಗಿದ್ರು. ಕೇಳು ನಿಮ್ಮವ್ವನ್ನ."

ಅವ್ವ ನೆಲ ನೋಡಿದಳು.

"ಮತ್ತ ನೀನ ಎಲ್ಲಾರಿಗಿಂತ ಜೋರು ನಗತಿದ್ದೆಲ್ಲ ಯಪ್ಪಾ?"

"ನಗದ ಏನು ಮಾಡ್ಲಿ? ಊರ ಮಂದೀನೆಲ್ಲ ಹಿಡಿದು ಬಡೀಲೇನು?" ಹಿಟ್ಟಿನ ಕೈ ಒರೆಸಿಕೊಂಡ. "ಈಗ ಅವರ ಮನಿ ಶೋಕೇಸಿನಾಗ ನಾ ಬಂದೂಕು ಹಿಡಕೊಂಡು ಕುಂದರ್ತೀನಿ. ದಿನಾ ನೋಡ್ಲಿ. ಅದ ನನ್ನ ಮುಯ್ಯಿ."

ಹಿಟ್ಟಿನ ಮೇಲೆ ಬಟ್ಟೆ ಮುಚ್ಚುತ್ತ ಅಂದ, "ನನ್ನ ಮಗಳಾದ್ರೂ ನನ್ನ ಕೈಗೆ ಬಂದೂಕು ಕೊಡ್ತಾಳ ಅಂತ ಮಾಡಿದ್ದೆ. ನೀನೂ ರೊಟ್ಟೀನ ಕೊಟ್ಟಿ."

ಅಳು ಬರಲಿಲ್ಲ. ಸಿಟ್ಟು ಬಂತು. ಇವರ ಮೇಲಲ್ಲ, ದೇವದುರ್ಗದ ಮೇಲೂ ಅಲ್ಲ, ಅಪ್ಪನ ಮೇಲೆ. ಇಷ್ಟು ವರ್ಷ ಯಾವುದಕ್ಕೆ ನಾನು ಎದೆ ಉಬ್ಬಿಸಿ ತಿರುಗಿದೆನೋ, ಅದು ಅವನಿಗೆ ನುಂಗಲಾಗದ ತುತ್ತು. ನನ್ನ ಮೇಲೆ ಬಂದ ಸಿಟ್ಟು ಇನ್ನೂ ದೊಡ್ಡದು. ಒಂದು ಸಲವಾದರೂ ಕೇಳಿದ್ದೆನಾ?

ಉಣ್ಣದೆ ಬಂದೆ. ಅವನ ಖಾನಾವಳಿಯಿಂದ ಉಣ್ಣದೆ ಎದ್ದು ಬಂದವಳು ನಾನೊಬ್ಬಳೇ ಇರಬೇಕು.

೧೨ ಏಪ್ರಿಲ್, ಬೆಳಿಗ್ಗೆ ಹನ್ನೊಂದು

ಇಷ್ಟು ದಿನ ಗೊಂಬೆಯ ಕಡೆ ಹಾಯಲಿಲ್ಲ. ಇವರು ಎರಡು ಸಲ ಗಡುವು ನೆನಪಿಸಿದರು. ಮೂರನೇ ಸಲ ಅಪ್ಪನನ್ನೇ ಕರೆಸಿದರು.

ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದಾನೆ. ಹೊಸ ಅಂಗಿ. ಕಸಬರಿಗೆಯ ಕೋಲು ಹಿಡಿದು ಮಂಡಿಯೂರಿ ತೋರಿಸಿದ. ಹಿಡಿದದ್ದು ಸರಿಯಾಗಿಯೇ ಇತ್ತು.

"ಟ್ರೇನಿಂಗಿನಾಗ ನನ್ನ ಗುರಿ ಚಲೋ ಇತ್ರೀ ಅಳಿಯಂದ್ರ," ಅಂದ.

"ಹೌದೇನ್ರೀ ಮಾವ? ಒಂದಿನಾನೂ ಹೇಳಿಲ್ಲಲ್ಲ!"

"ಯಾರು ಕೇಳ್ಯಾರ?"

ಇಬ್ಬರೂ ಬೆಳಗಿನಿಂದ ಮಾತಾಡುತ್ತಲೇ ಇದ್ದಾರೆ. ಅಪ್ಪನನ್ನು ಇಷ್ಟು ಖುಷಿಯಾಗಿ ನಾನು ನೋಡಿಯೇ ಇಲ್ಲ. ಅದನ್ನೇ ತಡೆದುಕೊಳ್ಳಲು ಆಗುತ್ತಿಲ್ಲ.

ಹತ್ತು ಗಂಟೆಗೆ ಗೊಂಬೆಯ ಎರಡೂ ಕೈ ಮಣಿಕಟ್ಟಿನ ಹತ್ತಿರ ಕತ್ತರಿಸಿದೆ. ಗುಲ್ನಾಜ್ ಎದ್ದು ಹೊರಗೆ ಹೋದಳು. ಅಪ್ಪ ಚಾಳೀಸು ಹಾಕಿಕೊಂಡು, ಗೊಂಬೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದ.

"ಮಾರಿ ನಗಾಕತ್ತದಲ್ಲವಾ. ಬಂದೂಕು ಹಿಡದವ ಹಿಂಗ ಹಲ್ಲು ಕಿಸೀತಾನೇನು? ಇದನ್ನೂ ತಗದುಬಿಡು."

ನೀರು ಕುಡಿದು ಬರ್ತೀನಿ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗಿನಿಂದ ಕರೆಯುತ್ತಿದ್ದಾನೆ — "ಬಾರವಾ, ನಗು ಒಂದ ಉಳದದ!"

ಬಂದೆ ಅಂದೆ. ಬ್ಲೇಡು ಇನ್ನೂ ನನ್ನ ಕೈಯಲ್ಲೇ ಇದೆ.