ಕರಿಯ ಬೊಗಳಲಿಲ್ಲ

ತಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಹೊಲ, ಮನೆಗಳನ್ನು ಕೈಗಾರಿಕಾ ವಲಯಕ್ಕೆ ಸೇರಿಸುವ ಬಗ್ಗೆ ಸೋಮವಾರ ಜನರ ಅಹವಾಲು ಕೇಳ್ತಾರಂತೆ. ನೀನೂ ಬಂದು ಬೇಡ ಅಂತೀಯ ಎಂದು ಓಣಿಯವರಿಗೆ ಮಾತು ಕೊಟ್ಟಿದ್ದೇನೆ.

ನೀನು ಸಾಕಿದ ಕರಿಯನೇ ಈಗ ಓಣಿಗೆಲ್ಲ ಕಾವಲು. ಹೊರಗಿನವರನ್ನು ಕಂಡು ಅದು ಬೊಗಳಿದರೆ ಸಾಕು, ಒಲೆ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ಬಂದು ಎಲ್ಲರೂ ದಾರಿಗೆ ಅಡ್ಡ ನಿಲ್ಲುತ್ತೇವೆ.

ನಿನ್ನೆ ಕಾರ್ಖಾನೆಯವರ ಜೀಪು ಬಂತು. ಕರಿಯ ಬೊಗಳಲಿಲ್ಲ. ಬಾಲ ಅಲ್ಲಾಡಿಸುತ್ತಾ ಓಡಿ, ಜೀಪಿನ ಹಿಂದಿನ ಬಾಗಿಲು ಕೆರೆಯುತ್ತಾ ಕುಂಯ್‌ಗುಟ್ಟಿತು. ಕಪ್ಪು ಗಾಜು ಇಳಿಯಲೇ ಇಲ್ಲ. ಜೀಪು ಹಾಗೇ ತಿರುಗಿ ಹೋಯಿತು.

"ವಯಸ್ಸಾಯ್ತು, ಮೂಗು ಕೆಟ್ಟಿದೆ" ಅಂದೆ ನಾನು. ಪಕ್ಕದ ಮನೆ ದೊಡ್ಡಪ್ಪ ನನ್ನ ಮುಖವನ್ನೇ ನೋಡಿದರು. "ಅದು ಹಾಗೆ ಕುಣಿಯೋದು ಒಬ್ಬನನ್ನು ಕಂಡಾಗ ಮಾತ್ರ ಅಲ್ವೇನಮ್ಮಾ?" ಅಂದರು. ಆಮೇಲೆ ಯಾರೂ ನಮ್ಮ ಮನೆ ಕಡೆ ತಲೆ ಹಾಕಿಲ್ಲ. ನಿನ್ನ ಭಾವ ಗೇಟಿಗೆ ಹೊಸ ಬೀಗ ತಂದಿದ್ದಾರೆ.

ಸೋಮವಾರ ಬಸ್ಸಿಳಿದು ನಡೆದೇ ಬಾ, ಎಲ್ಲರೂ ನೋಡಲಿ. ಕರಿಯನನ್ನು ಒಳಗೆ ಕಟ್ಟಿದ್ದೇನೆ. ಆ ಜೀಪು ಇನ್ನೊಮ್ಮೆ ಬಂದರೆ, ನಾಯಿ ಬೊಗಳಲಿ ಅಂತ ಓಣಿಯವರು ಕಾಯೋದಿಲ್ಲ.

ನಿನ್ನ ಅಕ್ಕ